ಹೂಂ ಅಂದ್ರಾ?

ಸಂಜೆಯ ಕಾಫಿ ಲೋಟದ ಪಕ್ಕ ಇಟ್ಟಿದ್ದ ಫೋನು ಗುರ್ ಗುರ್ ಎನ್ನುತ್ತ ಮೇಜಿನ ಅಂಚಿನ ಕಡೆಗೆ ತೆವಳತೊಡಗಿತು. ಇನ್ನೇನು ಬೀಳಬೇಕು, ಕೈ ಅಡ್ಡ ಹಿಡಿದು ಎತ್ತಿಕೊಂಡೆ. ‘ಓಕೆ ಮೇಡಂ’, ‘ಓಕೆ ಮೇಡಂ’, ಕೈಮುಗಿದ ಚಿತ್ರ, ಎತ್ತಿದ ಹೆಬ್ಬೆರಳು, ಮತ್ತೆ ‘ಓಕೆ ಮೇಡಂ’, ಯಾರೋ ಒಬ್ಬ ಉತ್ಸಾಹಿಯದು ಗುಲಾಬಿ ಹೂವು. ನಮ್ಮ ಮಂಡ್ಯದ ಕಾಲೇಜಿನ ಬೇಸಿಗೆ ಪ್ರೋಗ್ರಾಮಿಂಗ್ ತರಗತಿಯ ವಾಟ್ಸಾಪ್ ಗುಂಪು ಅದು. ನಾಳೆ ಲ್ಯಾಬ್ ಒಂಬತ್ತಕ್ಕಲ್ಲ, ಎಂಟಕ್ಕೇ ಶುರು ಎಂಬ ಒಂದು ಸಾಲಿನ ನೋಟೀಸಿಗೆ ಮಕ್ಕಳು ಉತ್ತರ ಸುರಿಸುತ್ತಿದ್ದರು. ನೋಟೀಸು ನನ್ನದಲ್ಲ. ಈ ವರ್ಷ ತರಗತಿ ನೋಡಿಕೊಳ್ಳುತ್ತಿರುವವರೇ ಬೇರೆ. ಅವರ ವಿಚಾರಕ್ಕೆ ಆಮೇಲೆ ಬರುತ್ತೇನೆ.

“ಅದರ ಬಾಯಿ ಮುಚ್ಚಿಸಬಾರದೇನ್ರೀ?” ಎಂದಳು ಹೆಂಡತಿ ಒಳಗಿನಿಂದ.

ಮುಚ್ಚಿಸಬಹುದು. ಒಂದು ಕಾಲದಲ್ಲಿ ಮುಚ್ಚಿಸಿಯೂ ಇದ್ದೆ. ಅದರಿಂದ ಏನಾಯಿತು ಅಂತ ನಿಮಗೆ ಹೇಳಿಬಿಡುತ್ತೇನೆ. ಹೇಗೂ ಕಾಫಿ ಇನ್ನೂ ಬಿಸಿಯಾಗಿದೆ.

ಬೇಸಿಗೆ ತರಗತಿ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು. ವರ್ಷದಲ್ಲಿ ಪ್ರೋಗ್ರಾಮಿಂಗ್ ಪಾಸಾಗದ ಮಕ್ಕಳಿಗೆ ವಿಶ್ವವಿದ್ಯಾಲಯ ಕೊಡುವ ಕೊನೆಯ ಅವಕಾಶ ಅದು. ಐದು ತಿಂಗಳಲ್ಲಿ ತಲೆಗೆ ಹೋಗದ್ದನ್ನು ಒಂದೂವರೆ ತಿಂಗಳಲ್ಲಿ ತುರುಕಬೇಕು. ಮೇ ತಿಂಗಳ ಬಿಸಿಲು, ಲ್ಯಾಬಿನಲ್ಲಿ ಕಂಪ್ಯೂಟರುಗಳ ಬಿಸಿ, ತಿರುಗಿದರೂ ಗಾಳಿ ಕೊಡದ ಫ್ಯಾನು. ಇದೂ ಕೈಕೊಟ್ಟರೆ ಇಯರ್ ಬ್ಯಾಕ್, ಅಂದರೆ ಒಂದು ವರ್ಷ ಪೂರ್ತಿ ಮನೆಯಲ್ಲಿ ಕೂರಬೇಕು. ಕೆಲವು ವರ್ಷಗಳ ಹಿಂದೆ ಈ ತರಗತಿಗೆ ನಾನೇ ಸಂಯೋಜಕ. ಪಾಠ ಮಾಡಲು ಬೇರೆಯವರಿದ್ದರು. ಮಕ್ಕಳಿಗೆ ಕಾಲಕಾಲಕ್ಕೆ ವಿಷಯ ತಿಳಿಸುವುದು ನನ್ನ ಕೆಲಸ. ಕೇಳಲು ಎಷ್ಟು ಸುಲಭ, ನೋಡಿ.

ನಾನು ತಿಳಿಸುತ್ತಿದ್ದ ರೀತಿಯನ್ನೂ ಹೇಳಬೇಕು. ನಮ್ಮ ತಂದೆ ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆಯಲ್ಲಿ ಚಟ್ನಿಗೆ ಉಪ್ಪು ಕಡಿಮೆಯಾದರೂ ‘ಸದರಿ ಚಟ್ನಿ’ ಎನ್ನುತ್ತಿದ್ದವರು. ಆ ರಕ್ತ ಎಲ್ಲಿಗೆ ಹೋಗುತ್ತದೆ? ಮಧ್ಯಾಹ್ನದ ತರಗತಿ ಇಲ್ಲ ಎನ್ನಬೇಕಾದರೆ ನಾನು, ‘ಈ ಮೂಲಕ ಸಮಸ್ತ ವಿದ್ಯಾರ್ಥಿಗಳ ಅವಗಾಹನೆಗೆ ತರಬಯಸುವುದೇನೆಂದರೆ’ ಎಂದು ಶುರು ಮಾಡುತ್ತಿದ್ದೆ. ಕೆಳಗೆ ಷರತ್ತುಗಳು, ಅದರ ಕೆಳಗೆ ‘ತಪ್ಪಿದಲ್ಲಿ ಸಂಯೋಜಕರು ಜವಾಬ್ದಾರರಲ್ಲ’. ತರಗತಿ ಇಲ್ಲ ಎಂಬ ಮಾತು ಎಲ್ಲೋ ನಡುವೆ, ಸಾರಿನಲ್ಲಿ ಮುಳುಗಿದ ಒಂದೇ ಒಂದು ಹುರುಳಿಕಾಯಿಯ ಹಾಗೆ ಇರುತ್ತಿತ್ತು. ಒಂದು ಸಲ ಇಬ್ಬರು ಹುಡುಗರು ನನ್ನ ನೋಟೀಸನ್ನು ಪೂರ್ತಿ ಓದಿ, ಅರ್ಥವಾಗದೆ, ಎದ್ದು ಕಾಲೇಜಿಗೇ ಬಂದುಬಿಟ್ಟರು, ಕ್ಲಾಸ್ ಇದೆಯೋ ಇಲ್ಲವೋ ಕೇಳಲು.

ಇಂಥ ಒಂದೊಂದು ನೋಟೀಸಿಗೂ ಮಕ್ಕಳೆಲ್ಲ ‘ಓಕೆ ಸಾರ್’ ಹಾಕುತ್ತಿದ್ದರು. ಇಷ್ಟು ಕಷ್ಟಪಟ್ಟು ಬರೆದದ್ದು ಆ ರಾಶಿಯಡಿ ಹೂತುಹೋಗುತ್ತಿತ್ತು. ನನಗೆ ಸಿಟ್ಟು ಬಂತು. ಒಂದು ದಿನ ಗುಂಪಿನ ಸೆಟ್ಟಿಂಗಿಗೆ ಹೋಗಿ, ಅಡ್ಮಿನ್‌ಗಳು ಮಾತ್ರ ಮಾತಾಡಬಹುದು ಎಂದು ಬೀಗ ಹಾಕಿದೆ. ಅಡ್ಮಿನ್ ಎಂದರೆ ನಾನು, ಮತ್ತೆ ನಮ್ಮ ವಿಭಾಗದ ಮುಖ್ಯಸ್ಥರು. ಅವರು ಗುಂಪಿನಲ್ಲಿ ಎಂದೂ ಬಾಯಿ ಬಿಟ್ಟವರಲ್ಲ. ಅಲ್ಲಿಗೆ ಮಾತಾಡುವವನು ನಾನೊಬ್ಬನೇ ಆದೆ. ಆಹಾ, ಎಂಥ ನೆಮ್ಮದಿ! ಆಮೇಲೆ ಇನ್ನೊಂದು ಯೋಚನೆ ಬಂತು. ನಾನೇ ಹಾಕುವ ನೋಟೀಸಿಗೆ ನನ್ನ ಫೋನೇ ಯಾಕೆ ಎಚ್ಚರವಾಗಿರಬೇಕು? ಗುಂಪನ್ನು ಮ್ಯೂಟ್ ಮಾಡಿದೆ. ಇದು ನನ್ನ ಬುದ್ಧಿವಂತಿಕೆ.

ಬೀಗ ಹಾಕಿದ ಮರುದಿನ ಮಂಜುಳ ಎಂಬ ಹುಡುಗಿ ನನ್ನ ಮೇಜಿನ ಮುಂದೆ ಬಂದು ನಿಂತಳು. ಮಳವಳ್ಳಿ ತಾಲ್ಲೂಕಿನ ಬಂಡೂರಿನವಳು. ಬಂಡೂರು ಎಂದ ಮೇಲೆ ಕುರಿಯ ವಿಷಯ ಹೇಳಬೇಕಾಗಿಲ್ಲ. ಅವಳ ಅಪ್ಪ ಆ ಕುರಿಗಳನ್ನೇ ಸಾಕುವವರು. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಕ್ಲಾಸಿನ ಪರವಾಗಿ ಮಾತಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೆ ಮಾತಾಡುವವಳು ಅವಳೇ.

“ಸಾರ್, ಗುಂಪಲ್ಲಿ ನಮ್ ಬಾಯಿ ಕಟ್ಟಾಕ್ಬುಟ್ರೆ, ನಾವು ನೋಡಿದ್ದೀವೋ ಇಲ್ವೋ ನಿಮ್ಗೆಂಗೆ ಗೊತ್ತಾಗದು?”

“ನೀಲಿ ಗೀಟು ಬರುತ್ತಲ್ಲಮ್ಮ, ಎರಡು.”

“ನೀಲಿ ಗೀಟು ನಮ್ ತಮ್ಮ ಗೇಮ್ ಆಡ್ವಾಗ ಬೆಳ್ಳು ತಗುಲಿದ್ರೂ ಬತ್ತದೆ ಸಾರ್. ನಮ್ಮಪ್ಪ ಯಾರ್ ಕೈಲಾದ್ರೂ ಏನಾರ ಯೋಳ್ಕಳ್ಸಿದ್ರೆ, ಹೋದೋರು ವಾಪಸ್ ಬಂದು ‘ಯೋಳ್ದೆ ಕಣಣ್ಣ, ಹೂಂ ಅಂದ್ರು’ ಅನ್ಬೇಕು. ಅಲ್ಲೀಗಂಟ ನಮ್ಮಪ್ಪ ಹಟ್ಟಿ ಬಾಗ್ಲಲ್ಲೇ ನಿಂತಿರ್ತಾರೆ. ಯೋಳ್ದೆ ಅಂತ ಬಂದೋರ್ನ ಮೊದ್ಲು ಕೇಳೋದೇ, ಹೂಂ ಅಂದ್ರಾ, ಅಂತ.”

ನಾನು ನಕ್ಕೆ. ಇದು ಕುರಿ ವ್ಯಾಪಾರವಲ್ಲ, ಮಾಹಿತಿ ತಂತ್ರಜ್ಞಾನ ಎಂದು ತಿಳಿಹೇಳಿದೆ. ಅವಳು ಹೊರಟವಳು ಬಾಗಿಲಲ್ಲಿ ತಿರುಗಿ, “ಇದೊಂದ್ ಪಾಸಾಗ್ಲಿಲ್ಲ ಅಂದ್ರೆ ನಮ್ಮಪ್ಪ ಕಾಲೇಜ್ ಬುಡುಸ್ತಾರೆ ಸಾರ್. ಕುರಿ ನೋಡ್ಕ ಅಂತಾರೆ. ಕುರಿ ಕಂಡ್ರೆ ನಂಗೇನ್ ಬೇಜಾರಿಲ್ಲ. ಆದ್ರೆ ಈಗ ತಾನೆ ಲೂಪು ಅರ್ಥ ಆಯ್ತಾ ಅದೆ,” ಎಂದಳು. ನಗುತ್ತಲೇ ಹೇಳಿದಳು; ಆದರೂ ಆ ಮಾತು ನನ್ನನ್ನು ಸಂಜೆಯವರೆಗೂ ಕೊರೆಯಿತು. ಬೀಗ ಮಾತ್ರ ತೆಗೆಯಲಿಲ್ಲ.

ಕೊನೆಯ ಲ್ಯಾಬ್ ಪರೀಕ್ಷೆ ಬಂತು. ಅದು ಮುಗಿದ ಸಂಜೆಯೊಳಗೆ ಅಂಕಗಳನ್ನು ವಿಶ್ವವಿದ್ಯಾಲಯದ ಪೋರ್ಟಲ್ಲಿಗೆ ಏರಿಸಬೇಕು, ಇಲ್ಲದಿದ್ದರೆ ಅಷ್ಟೂ ಮಕ್ಕಳ ವರ್ಷ ಹೋಯಿತು. ಇಂಥ ದಿನವೇ ಮಂಡ್ಯದ ನಮ್ಮ ಕಾಲೇಜಿನ ಬಡಾವಣೆಗೆ ಇಡೀ ದಿನ ಕರೆಂಟು ಇರುವುದಿಲ್ಲವೆಂದು ಎರಡು ದಿನ ಮೊದಲೇ ಪ್ರಕಟಣೆ ಬಂತು. ಓಡಾಡಿ, ಮದ್ದೂರಿನ ಇನ್ನೊಂದು ಕಾಲೇಜಿನ ಲ್ಯಾಬು ಕೇಳಿ ಒಪ್ಪಿಸಿದೆ. ಸಮಸ್ತ ವಿದ್ಯಾರ್ಥಿಗಳ ಅವಗಾಹನೆಗೆ ತಂದೆ. ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿ, ಯಾರನ್ನೂ ನಂಬದೆ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡೆ.

ಪರೀಕ್ಷೆಯ ದಿನ ನನ್ನದೊಂದು ಪದ್ಧತಿಯಿತ್ತು. ನಮ್ಮ ಸೀಮೆಯಲ್ಲಿ ಪರೀಕ್ಷೆ ನಡೆಸುವವನಿಗೆ ಬೆಳಗಾದರೆ ಎಂಥೆಂಥ ಫೋನು ಬರುತ್ತವೆ ಎಂಬುದು ನಿಮಗೂ ತಿಳಿದಿರಬಹುದು. ‘ಸಾರ್, ನಮ್ಮುಡ್ಗ ಕಣ್ ಸಾರ್, ವಸಿ ನೋಡ್ಕಳಿ’ ಎಂದು ಗುರುತಿಲ್ಲದ ಮುಖಂಡರೆಲ್ಲ ಪ್ರೀತಿಯಿಂದ ಮಾತಾಡುತ್ತಾರೆ. ಅದಕ್ಕೇ ಆ ದಿನ ಏಳುತ್ತಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಬಿಡುತ್ತಿದ್ದೆ. ಜೀವಮಾನದಲ್ಲಿ ಏರೋಪ್ಲೇನು ಹತ್ತಿದವನಲ್ಲ. ಮಂಡ್ಯದಿಂದ ಮದ್ದೂರಿಗೆ ಪ್ಯಾಸೆಂಜರ್ ರೈಲು ಹತ್ತಿದೆ. ಹನಕೆರೆಯಲ್ಲಿ ರೈಲು ನಿಂತಾಗ, ಆ ಊರಿಂದ ಬರಬೇಕಾದ ನಮ್ಮ ಹುಡುಗರು ಯಾರೂ ಹತ್ತಲಿಲ್ಲ. ‘ನೋಡು, ಇನ್ನೂ ಮಲಗಿವೆ ಮುಂಡೇವು’ ಎಂದುಕೊಂಡೆ.

ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು ಆ ಕಾಲೇಜಿಗೆ ನಡೆದೆ. ಗೇಟಿಗೆ ಬೀಗ. ಎದುರಿಗಿದ್ದ ಹೊಂಗೆ ಮರದ ಕೆಳಗೆ ಕಲ್ಲಿನ ಮೇಲೆ ಕೂತೆ. ವಡೆ ತಿಂದೆ. ಹೊತ್ತು ಏರಿತು, ಒಂದು ನರಪಿಳ್ಳೆಯೂ ಬರಲಿಲ್ಲ. ಇವಕ್ಕೆ ಭವಿಷ್ಯದ ಚಿಂತೆಯೇ ಇಲ್ಲವಲ್ಲ ಎಂದು ಮರುಗಿದೆ. ಮರುಕ ಸಿಟ್ಟಾಯಿತು. ಸಿಟ್ಟಿನಲ್ಲೇ ಮುಂದಿನ ನೋಟೀಸಿನ ಒಕ್ಕಣೆ ಮನಸ್ಸಿನಲ್ಲಿ ಸಿದ್ಧವಾಯಿತು: ‘ಪದೇಪದೇ ತಿಳಿಸಿದಾಗ್ಯೂ ಸೂಚನೆಗಳನ್ನು ಗಮನಿಸದಿರುವುದು ಅತ್ಯಂತ ವಿಷಾದನೀಯ.’ ‘ಆಗ್ಯೂ’ ಎಂಬುದನ್ನು ಎರಡು ಸಲ ಹೇಳಿಕೊಂಡೆ, ಅಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ಹಸಿಹುಲ್ಲಿನ ಹೊರೆ ಕಟ್ಟಿದ್ದ ಮೊಪೆಡ್ಡೊಂದು ನನ್ನ ಮುಂದೆ ಬಂದು ನಿಂತಿತು. ಓಡಿಸುತ್ತಿದ್ದ ದಪ್ಪ ಮೀಸೆಯ ಮನುಷ್ಯ ನನ್ನನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದ.

“ಕನ್ನಡಕ ಅದೆ. ನೀಲಿ ಚೀಲ ಅದೆ. ಬಯ್ಯಂಗ್ ಮಕ ಮಾಡ್ಕಂಡು ಕುಂತಿರ್ತಾರೆ ಅಂದ್ಲು, ಅದೂ ಸರಿ ಓಯ್ತು. ನೀವೇಯಾ ಸಾ ಮಂಜಿ ಮೇಷ್ಟ್ರು?”

“ಯಾವ ಮಂಜಿ?”

“ನಮ್ಮಕ್ಕನ್ ಮಗ್ಳು, ಬಂಡೂರ್ ಮಂಜುಳ. ನಂದು ಇಲ್ಲೇ ಪಕ್ಕದ್ ವೈದ್ಯನಾಥಪುರ. ಫೋನ್ ಮಾಡಿದ್ಲು. ಪರೀಕ್ಸೆ ಮಂಡ್ಯದಲ್ಲೇ ಅಂತೆ ಕಣಿ. ಕರೆಂಟು ತಗಿಯಲ್ವಂತೆ. ಎಲ್ಲ ಐಕ್ಳೂ ಅಲ್ಲೇ ಕಾಯ್ತಾ ಕುಂತವಂತೆ. ಪ್ರಸ್ನೆಪತ್ರ ನಿಮ್ತಾವ್ಲೇ ಅದಂತಲ್ಲ?”

ಕೈ ತಾನಾಗಿ ಒಳಜೇಬಿಗೆ ಹೋಯಿತು. ಆಮೇಲೆ ತಿಳಿದದ್ದು ಇಷ್ಟು. ಕರೆಂಟು ತೆಗೆಯುವುದನ್ನು ಮುಂದಕ್ಕೆ ಹಾಕಿದ್ದರು. ಹಿಂದಿನ ಸಂಜೆಯೇ ನಮ್ಮ ಮುಖ್ಯಸ್ಥರು, ಎಂದೂ ಬಾಯಿ ಬಿಡದವರು, ಗುಂಪಿನಲ್ಲಿ ಬಾಯಿ ಬಿಟ್ಟು ‘ಪರೀಕ್ಷೆ ಮಂಡ್ಯದಲ್ಲೇ’ ಎಂದು ಬರೆದಿದ್ದರು; ಮದ್ದೂರಿನ ಕಾಲೇಜಿಗೂ ಲ್ಯಾಬು ಬೇಡವೆಂದು ಹೇಳಿದ್ದರು. ಮಳವಳ್ಳಿಯವರು, ಹನಕೆರೆಯವರು, ಎಲ್ಲರೂ ನೋಡಿದ್ದರು. ನೋಡದೆ ಉಳಿದವನು ಇಡೀ ತರಗತಿಗೆ ವಿಷಯ ತಿಳಿಸಬೇಕಾದ ಒಬ್ಬನೇ. ನೀಲಿ ಗೀಟುಗಳೆಲ್ಲ ಮೂಡಿದ್ದರಿಂದ ಮುಖ್ಯಸ್ಥರು ನಾನೂ ನೋಡಿದೆ ಎಂದೇ ತಿಳಿದಿದ್ದರಂತೆ. ನನ್ನ ನೀಲಿ ಗೀಟಿಗೆ ಕಾರಣ ನಾನಲ್ಲ. ರಾತ್ರಿ ನನ್ನ ಫೋನಿನಲ್ಲಿ ಅಡುಗೆಯ ವಿಡಿಯೋ ಹುಡುಕುತ್ತ ಬೆರಳು ತಗುಲಿಸಿದ ನನ್ನ ಹೆಂಡತಿ.

ಮೀಸೆಯವರು ಆಗಲೇ ಫೋನು ಕಿವಿಗಿಟ್ಟಿದ್ದರು. “ಸಿಕ್ರು ಕಣಮ್ಮ. ಗೇಟ್ ಮುಂದ್ಲೇ ಅವ್ರೆ. ಯೋಳ್ದೆ. ಇರು ಇರು, ಇನ್ನೂ ಊಂ ಅಂದಿಲ್ಲ.” ನನ್ನ ಕಡೆ ತಿರುಗಿ ಗದರಿದರು. “ಊಂ ಅನ್ನಿ ಸಾ!”

“ಹೂಂ,” ಎಂದೆ. ಮೂವತ್ತು ವರ್ಷದ ಅಧ್ಯಾಪನದಲ್ಲಿ ಅಷ್ಟು ವಿಧೇಯವಾಗಿ ನಾನು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

“ಊಂ ಅಂದ್ರು ಕಣಮ್ಮ. ಕರ್ಕಬತ್ತೀನಿ.”

ಹುಲ್ಲಿನ ಹೊರೆ ಇಳಿಸಲು ಹೊತ್ತಿರಲಿಲ್ಲ. ಅದರ ಮೇಲೆಯೇ ಕೂತು ಮಂಡ್ಯಕ್ಕೆ ಹೊರಟೆ. ಬೆಂಗಳೂರು-ಮೈಸೂರು ರಸ್ತೆಯಲ್ಲಿ ಪಕ್ಕದಲ್ಲಿ ಹೋದ ಬಸ್ಸುಗಳಿಂದ ಜನ ಇಣುಕಿ ನೋಡಿದರು. ಹನಕೆರೆಯ ಹತ್ತಿರ ಮೀಸೆಯವರು ಹಿಂತಿರುಗಿ, “ಗಟ್ಟಿಯಾಗ್ ಇಡ್ಕಳಿ ಸಾ, ಉಲ್ಲು ಉದ್ರೋಯ್ತದೆ,” ಎಂದರು. ನನ್ನ ಬಗ್ಗೆ ಅವರಿಗೆ ಚಿಂತೆಯೇನೂ ಇರಲಿಲ್ಲ. ನನಗಿದ್ದ ಚಿಂತೆ ಪೆನ್‌ಡ್ರೈವಿನದು, ಅದಕ್ಕಿಂತ ಹೆಚ್ಚಾಗಿ ಪೋರ್ಟಲ್ಲಿನದು. ನನ್ನಿಂದ ಆ ಹುಡುಗಿ ಕಾಲೇಜು ಬಿಡುವ ಹಾಗಾದರೆ ಎಂದು ನೆನೆದು, ಇನ್ನೂ ಜೋರಾಗಿ ಓಡಿಸಿ ಎಂದೆ.

ಕಾಲೇಜಿನ ಗೇಟಿನಲ್ಲಿ ಮಕ್ಕಳೆಲ್ಲ ನಿಂತಿದ್ದರು. ಪ್ಯಾಂಟಿಗೆಲ್ಲ ಹುಲ್ಲು ಮೆತ್ತಿಕೊಂಡು ಇಳಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹಿಂದಿನಿಂದ ಒಬ್ಬ ಹುಡುಗ ನಿಜವಾದ ಕಾಳಜಿಯಿಂದಲೇ, “ಸಾರ್, ಗ್ರೂಪ್ ನೋಡಿರ್ಲಿಲ್ವಾ?” ಎಂದು ಕೇಳಿದ. ಒಂದೂವರೆ ತಿಂಗಳು ದಿನವೂ ಅವರನ್ನು ನಾನು ಕೇಳಿದ್ದ ಮಾತೇ ಅದು.

“ನಾನು ಮದ್ದೂರಲ್ಲಿದ್ದೀನಿ ಅಂತ ಹೇಗೆ ಗೊತ್ತಾಯಿತಮ್ಮ?” ಎಂದು ಮಂಜುಳಳನ್ನು ಕೇಳಿದೆ.

“ನೀವ್ ಹಾಕಿದ್ ನೋಟೀಸ್‌ನ ನಂಬೋರು ನೀವೊಬ್ರೇ ಅಲ್ವಾ ಸಾರ್,” ಎಂದಳು.

ಪರೀಕ್ಷೆ ನಡೆಯಿತು. ಊಟ ಬಿಟ್ಟು ಅಧ್ಯಾಪಕರೆಲ್ಲ ಕೂತು ತಿದ್ದಿ, ಪೋರ್ಟಲ್ಲು ಮುಚ್ಚುವ ಮೊದಲು ಅಂಕ ಏರಿಸಿದೆವು. ಮಂಜುಳ ಚೆನ್ನಾಗಿಯೇ ಪಾಸಾದಳು. ಮನೆಗೆ ಹೋದವನು ಮೊದಲು ಗುಂಪಿನ ಬೀಗ ತೆಗೆದೆ. ನಂಬುತ್ತೀರೋ ಇಲ್ಲವೋ, ಬಾಯಿ ಕಟ್ಟಿದ್ದ ದಿನಗಳ ಹಳೆಯ ನೋಟೀಸುಗಳಿಗೆಲ್ಲ ಒಂದಾದ ಮೇಲೊಂದು ‘ಓಕೆ ಸಾರ್’ ಬರತೊಡಗಿತು. ಅಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದರು ಅಂತ ಕಾಣುತ್ತದೆ. ಕೂತು ಎಲ್ಲವನ್ನೂ ಓದಿದೆ. ಕಣ್ಣು ಒದ್ದೆಯಾಗಿತ್ತು, ಹೆಂಡತಿಗೆ ಈರುಳ್ಳಿ ಎಂದೆ. ಈರುಳ್ಳಿ ಹೆಚ್ಚುತ್ತಿದ್ದವಳು ಅವಳು, ಅದೂ ಒಳಗೆ.

ಇಷ್ಟು ಹೇಳುವುದರಲ್ಲಿ ಕಾಫಿ ಆರಿತು. ಫೋನು ಮತ್ತೆ ಮೇಜಿನ ಮೇಲೆ ತೆವಳಿತು. ಈ ಸಲ ಮೆಸೇಜಲ್ಲ, ಕರೆ.

“ಸಾರ್, ಮಂಜುಳ.”

ಹೌದು, ಅವಳೇ. ಮುಂದೆ ಓದಿ, ಈಗ ನಮ್ಮ ಕಾಲೇಜಿನಲ್ಲೇ ಪಾಠ ಮಾಡುತ್ತಾಳೆ. ಈ ವರ್ಷದ ಬೇಸಿಗೆ ತರಗತಿಗೆ ಅವಳೇ ಸಂಯೋಜಕಿ, ನಾನು ಅವಳು ಕರೆದಾಗ ಹೋಗುವ ಪರೀಕ್ಷಕ. ಅವಳ ನೋಟೀಸುಗಳು ಒಂದು ಸಾಲು ದಾಟುವುದಿಲ್ಲ.

“ಹೇಳಮ್ಮ.”

“ನಾಳೆ ಎಂಟಕ್ಕೆ ಲ್ಯಾಬು. ಎಲ್ರುದೂ ಬಂತು ಸಾರ್. ನಿಮ್ದೊಂದೇ ಬಾಕಿ.”

ನಿಮ್ಮ ಜೊತೆ ಮಾತಿಗೆ ಕೂತು ಉತ್ತರ ಹಾಕುವುದನ್ನೇ ಮರೆತಿದ್ದೆ. ಹೊರಗೆ ಎಲ್ಲೋ ಹಟ್ಟಿಯ ಬಾಗಿಲಲ್ಲಿ ಯಾರೋ ನಿಂತು ನನಗಾಗಿ ಕಾಯುತ್ತಿದ್ದಾರೆ ಅನ್ನಿಸಿತು.

“ಹೂಂ ಕಣಮ್ಮ,” ಎಂದೆ.

ಆ ಕಡೆ ಅವಳು ಫೋನಿನಿಂದ ಬಾಯಿ ಸರಿಸಿ ಲ್ಯಾಬಿನಲ್ಲಿದ್ದ ಯಾರಿಗೋ ಹೇಳಿದ್ದು ನನಗೂ ಕೇಳಿಸಿತು:

“ಇನ್ನು ಬಾಗ್ಲು ಹಾಕಪ್ಪ, ಹೊರಡೋಣ. ಸಾರೂ ಹೂಂ ಅಂದ್ರು.”