ನಡುವೆ ನಿಂತು ಕೇಳುವ ಪಾಠಗಳು: ಮಾನ್ಯ ಬುರುಲ್ಚಾ ಇಸ್ಮಾನೋವಾ

ನಾರಿನ್ ಎಂಬ ಗುಡ್ಡಗಾಡು ಸೀಮೆಯ ಶಿಕ್ಷಕ ತರಬೇತಿಯ ಚರಿತ್ರೆಯನ್ನು ಯಾರೇ ಬರೆಯಲು ಕೂತರೂ ಮಾನ್ಯ ಬುರುಲ್ಚಾ ಇಸ್ಮಾನೋವಾ ಅವರನ್ನು ಬಿಟ್ಟು ಮುಂದೆ ಹೋಗಲಾರರು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ಸೇವೆಗೆ ಸೇರಿ, ತರಬೇತಿ ಕೇಂದ್ರದ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಅವರನ್ನು ನಾವೆಲ್ಲ ಅಕ್ಕನೆಂಬ ಅರ್ಥದಲ್ಲಿ ಎಜೆ ಎಂದೇ ಕರೆದವರು. ಅವರ ನಿವೃತ್ತಿ ನಗರದವರಿಗೆ ಸನ್ಮಾನದ ಸಂಭ್ರಮ. ಗುಡ್ಡದ ಶಾಲೆಗಳಿಗೆ ಮಾತ್ರ ಎದೆಯಲ್ಲಿ ಅಳುಕು.

ಮೊದಲೆಲ್ಲ ಎಜೆ ಜೀಪು ಹತ್ತಿ, ಜೀಪು ಹೋಗದಲ್ಲಿ ಕುದುರೆ ಹತ್ತಿ ಶಿಬಿರ ನಡೆಸಿದರು. ಶಿಕ್ಷಕರು ತಲೆಯಾಡಿಸಿದರು, ಚಹಾ ಕುಡಿದರು, ಮರುದಿನ ಹಳೆಯ ಪಾಠವನ್ನೇ ಮಾಡಿದರು. ಬೇಸತ್ತ ಎಜೆ, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವ ಪಾಠಗಳನ್ನು ರೂಪಿಸಿದರು. ನಿಜವಾದ ತರಗತಿಯ ವಿಡಿಯೊ ಓಡುತ್ತಿದ್ದಂತೆ ಥಟ್ಟನೆ ನಿಂತು, 'ಈಗ ನೀವೇನು ಮಾಡುತ್ತೀರಿ?' ಎಂದು ಕೇಳುತ್ತದೆ. ಪರದೆಯಲ್ಲಿ ಕೊಟ್ಟ ದಾರಿಗಳಲ್ಲಿ ನಾವು ಒಂದನ್ನು ಒತ್ತಿದರೆ, ಅದರಿಂದ ಆ ತರಗತಿಯ ಮಗುವಿಗೆ ಏನಾಯಿತೆಂಬುದನ್ನು ಮುಂದೆ ತೋರಿಸುತ್ತದೆ. ಕಲಿಯುವುದು ಶಿಕ್ಷಕರ ಪಾಡಿಗೆ, ಅವರವರ ವೇಗಕ್ಕೆ.

ಈ ಪಾಠಗಳು ಸಾಯ್ಕಾಲ್ ಎಂಬ ಕಿರಿಯ ಶಿಕ್ಷಕಿಯ ಶಾಲೆಗೆ ಬಂದಾಗ ಅವಳಿಗೆ ಆಗಲೇ ಒಂದು ಮಗುವಿನ ಚಿಂತೆಯಲ್ಲಿ ನಿದ್ದೆ ಹಾರಿಹೋಗಿತ್ತು. ಅವಳ ಎರಡನೇ ತರಗತಿಯ ನುರಾಯಿಮ್ ಪುಸ್ತಕ ಹಿಡಿದು ಗಿಳಿಯಂತೆ ಒಪ್ಪಿಸುತ್ತಿದ್ದಳು. ಪುಟ ಬದಲಿಸಿದರೆ ಒಂದಕ್ಷರವೂ ಬಾರದು. ಚಳಿಗಾಲ ಕಳೆಯುವುದರೊಳಗೆ ಹುಡುಗಿ ಓದದಿದ್ದರೆ ದೂರದ ಪಟ್ಟಣದ, ಮಂದಬುದ್ಧಿಯವರದೆಂದು ಹೆಸರಾದ ವಸತಿಶಾಲೆಗೆ ಕಳಿಸುವುದೆಂದು ಶೈಲೂಬೆಕ್ ಅಗಾಯ್ ನಿರ್ಧರಿಸಿದ್ದರು. ಅಗಾಯ್ ಎಂದರೆ ಮೇಷ್ಟ್ರು. ಇವರು ಆ ಶಾಲೆಯ ಮುಖ್ಯ ಮೇಷ್ಟ್ರು, ಎಲ್ಲರಿಗಿಂತ ಹಿರಿಯರು.

ಎಜೆಯ ಪಾಠವನ್ನು ಅಲ್ಲಿ ಎಲ್ಲರೂ ಒಲೆಯ ಸುತ್ತ ಕೂತು ಒಟ್ಟಿಗೆ ನೋಡುತ್ತಿದ್ದರು. ಹಿರಿಯರು ಮುಟ್ಟದ ರೊಟ್ಟಿಯನ್ನು ಕಿರಿಯರು ಮುರಿಯುವುದಿಲ್ಲ; ಉತ್ತರಕ್ಕೂ ಅದೇ ನಿಯಮ. ಪರದೆಯಲ್ಲಿ ನುರಾಯಿಮಳಂಥದೇ ಮಗು ಬಂದು ಪಾಠ ನಿಂತಿತು. "ಇನ್ನೊಂದ್ಸಲ ಓದಿಸಬೇಕು, ಅಷ್ಟೇ," ಎಂದರು ಅಗಾಯ್. ಎಲ್ಲರೂ ಹೌದೆಂದರು. ಸಾಯ್ಕಾಲಳೂ ಅಂದಳು, ಒಳಗೊಳಗೇ ಕುದಿಯುತ್ತ.

ಅಂದು ಸಂಜೆ ಎಜೆಗೆ ಫೋನು ಮಾಡಿದಳು. "ಎಜೆ, ನಾನೊಬ್ಬಳೇ ಬೇರೆ ದಾರಿ ಒತ್ತಿದ್ರೆ ಅಗಾಯ್‌ಗೆ ಗೊತ್ತಾಗುತ್ತಾ?"

"ಫೋನಿಗೆ ಬಾಯಿಲ್ಲ ಕಣೇ, ಚಾಡಿ ಹೇಳಲ್ಲ."

"ತಪ್ಪಾದ್ರೆ?"

"ತಪ್ಪು ಮಾಡ್ಲಿ ಅಂತಾನೇ ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಅದನ್ನ ಕಟ್ಟಿದ್ದು. ಒತ್ತು, ಮಾರಾಯ್ತಿ!"

ಒತ್ತಿದಳು. ಪರದೆಯ ಮಗು ಅತ್ತಿತು. ಇನ್ನೊಂದು ದಾರಿ ಒತ್ತಿದಳು. ಮಗು ಪುಸ್ತಕವನ್ನೇ ಮುಚ್ಚಿತು. ಆಗಲೇ ಅವಳು ಗಮನಿಸಿದ್ದು, ಮಗುವನ್ನು ಹೀಗೆ ಅಳಿಸುತ್ತಿದ್ದ ಶಿಕ್ಷಕಿ ಬುರುಲ್ಚಾ ಎಜೆಯೇ. ತಾವು ಸೋತ ಪಾಠಗಳನ್ನೇ ಅವರು ಸೀಮೆಗೆಲ್ಲ ತೋರಿಸಲು ಕೊಟ್ಟಿದ್ದರು. ಕೊನೆಗೆ ಸಿಕ್ಕ ದಾರಿ ಸರಳವಾಗಿತ್ತು: ಮಗು ಆಡಿದ ಮಾತನ್ನೇ ಬರೆದು, ಪದಪದವಾಗಿ ಕತ್ತರಿಸಿ, ಆ ಚೀಟಿಗಳನ್ನು ಅದಲುಬದಲು ಮಾಡಿ ಓದಿಸುವುದು.

ವಾರಗಟ್ಟಲೆ ಹಾಗೇ ಮಾಡಿದಳು. ಒಂದು ಬೆಳಿಗ್ಗೆ ನುರಾಯಿಮ್ ಹೇಳಿದ 'ತಾತ ರೊಟ್ಟಿ ತಿಂದ, ಕುದುರೆ ಹುಲ್ಲು ತಿಂದಿತು' ಎಂಬ ಮಾತಿನ ಚೀಟಿಗಳು ಮೇಜಿನ ಮೇಲಿದ್ದವು. ಬಾಗಿಲಲ್ಲಿ ಅಗಾಯ್ ನಿಂತಿದ್ದರು.

"ಇದೇನು ಕಾಗದ ಕತ್ತರಿಸೋ ಆಟ? ಇದನ್ನೂ ಬಾಯಿಪಾಠ ಮಾಡಿರ್ತಾಳೆ ಬಿಡು," ಎಂದು ಬಂದವರೇ ಚೀಟಿಗಳನ್ನು ತಾವೇ ಅತ್ತಿತ್ತ ಮಾಡಿ ಜೋಡಿಸಿದರು. "ಓದು."

ಹುಡುಗಿ ಚೀಟಿಗಳನ್ನೇ ನೋಡುತ್ತಿದ್ದಳು, ತುಟಿ ಸಣ್ಣಗೆ ಅಲುಗುತ್ತಿತ್ತು. ವಸತಿಶಾಲೆಗೆ ಕಳಿಸುವ ಗಾಡಿ ಬಾಗಿಲಿಗೇ ಬಂದು ನಿಂತಂತಾಯಿತು ಸಾಯ್ಕಾಲಳಿಗೆ.

ನುರಾಯಿಮ್ ಕಿಸಕ್ಕನೆ ನಕ್ಕಳು. "ಅಗಾಯ್! ನಮ್ ತಾತಂಗೆ ಹುಲ್ಲು ತಿನ್ನಿಸ್ಬಿಟ್ರಲ್ಲ!"

ತರಗತಿ ಗೊಳ್ಳೆಂದಿತು. ಅಗಾಯ್ ಚೀಟಿಗಳ ಮೇಲೆ ಬಗ್ಗಿ ತಾವೇ ಓದಿಕೊಂಡರು, ಕಿವಿ ಕೆಂಪಗಾಯಿತು, ಹೊರಟೇಬಿಟ್ಟರು. ವಸತಿಶಾಲೆಯ ಸುದ್ದಿ ಮತ್ತೆ ಏಳಲಿಲ್ಲ. ಕೆಲವು ದಿನಗಳ ಮೇಲೆ ಕಾರಿಡಾರಿನಲ್ಲಿ ಸಾಯ್ಕಾಲಳನ್ನು ತಡೆದು, "ಆ ಪಾಠಾನ ನನ್ ಫೋನಿಗೂ ಹಾಕ್ಕೊಡು. ಒಬ್ಬನೇ ನೋಡ್ತೀನಿ," ಎಂದರು.

ಇನ್ನು ಮುಂದಿನ ಪಾಠಗಳನ್ನು ಕಟ್ಟುವ ಹೊಣೆಯನ್ನು ಎಜೆ ಸಾಯ್ಕಾಲಳಿಗೆ ವಹಿಸಿದ್ದಾರೆ. ತಾನು ಮಗುವನ್ನು ಅಳಿಸಿದ ಪಾಠವನ್ನೂ ಎಲ್ಲರಿಗೂ ತೋರಿಸಬೇಕಲ್ಲ ಎಂದು ಅಳುಕಿ ಅವಳು ಈಗಲೂ ಸಂಜೆಯಾದರೆ ಎಜೆಗೆ ಫೋನು ಮಾಡುತ್ತಾಳೆ. ಆದ್ದರಿಂದ ಮಾನ್ಯ ಬುರುಲ್ಚಾ ಎಜೆಯವರು ನೂರ್ಕಾಲ ಆರೋಗ್ಯದಿಂದ ಬಾಳಲಿ, ವಿಶ್ರಾಂತಿಯ ನಡುವೆಯೂ ಫೋನು ಎತ್ತಲಿ, ಎತ್ತಿ ನಮ್ಮನ್ನು ಮೊದಲಿನಂತೆಯೇ ಗದರಲಿ.