ಮಂಗರಬಳ್ಳಿಯ ದೇವವ್ವ

ಮಾಗಡಿ ಕೆರೆಯ ಬಾತುಗಳು ಇನ್ನೂ ಮೇವಿಗೆಂದು ಹೊಲಗಳತ್ತ ಹಾರಿಲ್ಲ. ಅಷ್ಟರಲ್ಲೇ ದೇವವ್ವ ಬದುವಿನ ಮುಳ್ಳುಬೇಲಿಯ ಮುಂದೆ ನಿಂತಿದ್ದಾರೆ. ಮೊಣಕೈವರೆಗೆ ಎಣ್ಣೆ ಸವರಿಕೊಂಡಿದ್ದಾರೆ. ಮಂಗರಬಳ್ಳಿಯ ರಸ ತಾಗಿದರೆ ಮೈ ತುರಿಸುತ್ತದೆ. ಊರುಗೋಲಿನ ಕೊಕ್ಕೆಯಿಂದ ನಾಲ್ಕು ಏಣಿನ ಹಸಿರು ಬಳ್ಳಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ, ಗೆಣ್ಣು ನೋಡಿ ಕುಡಗೋಲು ಹಾಕುತ್ತಾರೆ, ಚೀಲಕ್ಕೆ ತುಂಬುತ್ತಾರೆ. ನಡುನಡುವೆ ಕಣ್ಣು ರಸ್ತೆಯ ಕಡೆಗೇ. ಗದಗಿನ ಬಸ್ಸಿಗೆ ಇನ್ನೂ ಹೊತ್ತಿದೆ. ಆದರೂ ಅವರಿಗೆ ಸಮಾಧಾನವಿಲ್ಲ.

"ಕುಂದ್ರಬ್ಯಾಡ, ಬಗ್ಗಬ್ಯಾಡ ಅಂದಾರ ಡಾಕ್ಟರು. ಬಳ್ಳಿ ಏನು ನನ್ನ ಎತ್ತರಕ್ಕ ತಾನ ಬರ್ತೈತೇನ್ರಿ?" ಎನ್ನುತ್ತಾರೆ.

ಬೆಟಗೇರಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ದೇವವ್ವ ಕೆಲಸಗಾರ್ತಿ. ಕಪ್ಪತಗುಡ್ಡದಲ್ಲಿ ಈ ಬಳ್ಳಿ ಬೇಕಾದಷ್ಟಿದ್ದರೂ ಅದು ವನ್ಯಧಾಮ, ಅಲ್ಲಿ ಕೊಯ್ಯುವಂತಿಲ್ಲ. ಹಾಗಾಗಿ ತಮ್ಮ ಹೊಲದ ಬೇಲಿಗೇ ಹಬ್ಬಿಸಿದ್ದಾರೆ. ಕೊಯ್ದು ತಂದದ್ದನ್ನು ತೊಳೆಯುವುದು, ಹೆಚ್ಚುವುದು, ನೆರಳಲ್ಲಿ ಒಣಗಿಸುವುದು, ಪುಡಿ ಮಾಡುವುದು ಎಲ್ಲ ಅವರದೇ. ಎರಡು ಚೀಲ ಹಸಿ ಬಳ್ಳಿ ಒಣಗಿದರೆ ಒಂದು ಡಬ್ಬಿ ಪುಡಿ. ಅದರಿಂದ ತೆಗೆದ ಸತ್ವ ಶೀಶೆಯ ತಳ ಮುಚ್ಚಿದರೆ ಹೆಚ್ಚು.

ಆ ಸತ್ವದ ಮೇಲೆ ಕೆಲಸ ಮಾಡುವವರು ಸಂಶೋಧಕಿ ಶೀತಲ್. ಕೃತಕ ಕೀಲು ಕೂಡಿಸಿದವರಲ್ಲಿ ಕೆಲವರಿಗೆ ವರ್ಷಗಳು ಕಳೆದ ಮೇಲೆ ಕೀಲಿನ ಸುತ್ತಲ ಎಲುಬು ಕರಗತೊಡಗುತ್ತದೆ. ಕೀಲು ತಿಕ್ಕಿ ತಿಕ್ಕಿ ಉದುರಿದ ಸಣ್ಣ ಪುಡಿಯ ಮೇಲೆ ದೇಹ ಯುದ್ಧಕ್ಕೆ ನಿಲ್ಲುತ್ತದೆ. ಆ ಗದ್ದಲದಲ್ಲಿ ಎಲುಬು ತಿನ್ನುವ ಜೀವಕೋಶಗಳು ಹೆಚ್ಚಿಕೊಳ್ಳುತ್ತವೆ. ಮಂಗರಬಳ್ಳಿಯ ಸತ್ವ ಅವುಗಳನ್ನು ತಡೆಯಬಲ್ಲದೇ ಎಂಬುದು ಶೀತಲ್ ಅವರ ಪ್ರಶ್ನೆ.

ಅದು ದೇವವ್ವನ ಪ್ರಶ್ನೆಯೂ ಆಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಹರೆಯ ದಾಟುವ ಹೊತ್ತಿಗೆ ಟ್ರ್ಯಾಕ್ಟರ್ ಟ್ರಾಲಿಯಿಂದ ಬಿದ್ದು ಅವರ ಸೊಂಟದ ಕೀಲು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಕೃತಕ ಕೀಲು ಕೂಡಿಸಿದ್ದರು. ಅದರ ಮೇಲೆಯೇ ಅಡ್ಡಾಡಿ, ದುಡಿದು, ಅದು ಇದೆ ಎಂಬುದನ್ನೇ ಮರೆತಿದ್ದರು. ಎರಡು ವರ್ಷಗಳ ಹಿಂದೆ, ಕುಳಿತು ಏಳುವಾಗ ತೊಡೆಯೊಳಗೆ ಚಳಕು ಶುರುವಾಯಿತು. ನಿಂತರೆ ಕೂರಬೇಕು, ಕೂತರೆ ಏಳಬೇಕು. ರಾತ್ರಿ ಮಗ್ಗುಲು ಬದಲಿಸಿದರೂ ನಿದ್ದೆ ಹತ್ತಿರ ಬರಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ, ಕೀಲು ಸಡಿಲಾಗಿದೆ, ತೆಗೆದು ಬೇರೆ ಕೂಡಿಸಬೇಕು ಎಂದರು.

"ಗೂಟ ಗಟ್ಟಿ ಐತಿ, ನೆಲಾ ಸಡ್ಲ ಆಗೇತಿ," ಎಂದು ದೇವವ್ವ ಗಂಡ ಗಾಳೆಪ್ಪನಿಗೆ ತಿಳಿಸಿ ಹೇಳಿದರು.

ಗಾಳೆಪ್ಪನಿಗೆ ತಡೆಯಲಾಗಲಿಲ್ಲ. "ದಿನಾ ಚೀಲಗಟ್ಟಲೆ ಬಳ್ಳಿ ಹೊತ್ತು ಒಯ್ತಿ. ನಿನ್ನ ಕಾಲಿಗೆ ಒಂದು ಲೋಟ ಕುಡಿಯಾಕ ಏನಾಗೈತಿ ನಿನಗ?" ಎಂದು ಒಂದು ಸಂಜೆ ಅರೆದ ರಸವನ್ನು ಮುಂದೆ ತಂದಿಟ್ಟ. ದೇವವ್ವ ಲೋಟ ಎತ್ತಿದರು, ಇಳಿಸಿದರು. ಮರುದಿನ ನೇರವಾಗಿ ಶೀತಲ್ ಅವರನ್ನೇ ಕೇಳಿದರು.

"ಇಲಿಗೆ ಕೊಟ್ಟು ನೋಡಾಕ ಹತ್ತೀವಿ ದೇವವ್ವ, ಮನುಷ್ಯಾರಿಗೆ ಅಲ್ಲ," ಎಂದರು ಶೀತಲ್. "ಎಲುಬು ಕರಗೂದನ್ನ ಮೊದಲ ತಡಿಬಹುದೇನು ಅಂತ ನೋಡೂ ಕೆಲಸ ಇದು. ಸಡ್ಲಾದ ಕೀಲು ಇದರಿಂದ ಮತ್ತ ಕೂಡಂಗಿಲ್ಲ. ಇದನ್ನ ನಂಬಿ ಆಪರೇಷನ್ ಮುಂದ ಹಾಕಬ್ಯಾಡ."

ದೇವವ್ವನಿಗೆ ಸಿಟ್ಟು ಬಂತು. ಕೆಲವು ದಿನ ಮೇಡಮ್ ಜೊತೆ ಮಾತು ಬಿಟ್ಟರು. ಬಳ್ಳಿ ಹೆಚ್ಚುವಾಗ ಚಾಕುವಿನ ಸಪ್ಪಳವೇ ಮಾತಾಡುತ್ತಿತ್ತು. "ನನ್ನ ಕೈಯಾಗ ಔಷಧ ಐತಿ, ಬಾಯಿಗೆ ಇಲ್ಲ. ಹೊಟ್ಟಿ ಉರಿಯೂದಿಲ್ಲೇನ್ರಿ?" ಎಂದು ಈಗಲೂ ಕೇಳುತ್ತಾರೆ.

ಕೊನೆಗೆ ಆಪರೇಷನ್ನಿಗೆ ಒಪ್ಪಿದರು. ತಾರೀಖು ಗೊತ್ತಾದ ದಿನ ಡಾಕ್ಟರು, ಕೀಲಿನ ಸುತ್ತ ಬೆಳೆದ ಕೆಟ್ಟ ಮಾಂಸವನ್ನು ಕೆರೆದು ತೆಗೆಯುತ್ತೇವೆ ಎಂದು ವಿವರಿಸಿದರು. ದೇವವ್ವ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರು. ಮೇಜು ಒರೆಸುತ್ತಲೇ ಶೀತಲ್ ಕಡೆ ತಿರುಗಿದರು. "ಮೇಡಮ್ಮಾರ, ಅದನ್ನ ತಗದು ಚೆಲ್ಲತಾರಂತ. ನಿಮಗ ಬ್ಯಾಡೇನ್ರಿ?"

ಶೀತಲ್ ಅವರಿಗೆ ಅದು ಬೇಕಾಗಿತ್ತು. ಬೇರೆ ರೋಗಿಗಳಿಂದ ಅಂಥ ಮಾಂಸದ ತುಣುಕು ಪಡೆಯಲು ಅನುಮತಿಯೂ ಬಂದಿತ್ತು. ಆದರೆ ತಮ್ಮ ಕೈಕೆಳಗೆ ದುಡಿಯುವವಳನ್ನು ಕೇಳಿದರೆ ಅವಳು ಇಲ್ಲವೆನ್ನಲಾರಳು ಎಂದು ಬಾಯಿ ಬಿಟ್ಟಿರಲಿಲ್ಲ. ಆಗಲೂ ಒಪ್ಪಿಗೆಯನ್ನು ತಾವೇ ಪಡೆಯಲಿಲ್ಲ. ಆಸ್ಪತ್ರೆಯ ಬೇರೊಬ್ಬ ವೈದ್ಯರು ಎಲ್ಲವನ್ನೂ ತಿಳಿಸಿ, ಬೇಡವೆಂದರೂ ನಡೆಯುತ್ತದೆ ಎಂದು ಮತ್ತೆ ಮತ್ತೆ ಹೇಳಿದರು.

"ಬ್ಯಾಡ ಅನ್ನೂದಾಗಿದ್ರ ನಾನಽ ಯಾಕ ಕೇಳತಿದ್ದೆ?" ಎಂದು ದೇವವ್ವ ಸಹಿ ಹಾಕಿದರು.

ಆಪರೇಷನ್ ಆಗಿ, ಮಳೆಗಾಲವೆಲ್ಲ ಮನೆಯಲ್ಲಿ ಚಡಪಡಿಸಿ, ಚಳಿ ಬೀಳುವ ಹೊತ್ತಿಗೆ ಅವರು ಮತ್ತೆ ಕೆಲಸಕ್ಕೆ ಬಂದಿದ್ದಾರೆ. ಈಗ ಅದೇ ಕೋಣೆಯಲ್ಲಿ, ಬೆಚ್ಚಗಿನ ಪೆಟ್ಟಿಗೆಯೊಳಗೆ, ಹಲವು ರೋಗಿಗಳ ಜೀವಕೋಶಗಳು ಗಾಜಿನಂಥ ಸಣ್ಣ ತಟ್ಟೆಗಳಲ್ಲಿ ಬೆಳೆಯುತ್ತಿವೆ. ಒಂದು ದಿನ ಶೀತಲ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ದೇವವ್ವ ಒಂದು ಕಣ್ಣು ಮುಚ್ಚಿ ನೋಡಿಯೇ ನೋಡಿದರು.

"ಇವಽ ಏನ್ರಿ ನನ್ನ ಎಲುಬು ತಿಂದಾವು? ಇದರಾಗ ನಂದು ಯಾವುದು?"

"ಗೊತ್ತಿಲ್ಲ ದೇವವ್ವ. ತಟ್ಟಿ ಮ್ಯಾಲ ಯಾರ ಹೆಸರೂ ಬರೆದಿರೂದಿಲ್ಲ."

ಆ ಮಾತು ಅವರನ್ನು ಇನ್ನೂ ಕಾಡುತ್ತಿದೆ. ಫಲಿತಾಂಶವೂ ನೆಮ್ಮದಿ ಕೊಡುವಂಥದ್ದಲ್ಲ. ಸತ್ವ ಹಾಕಿದ ಕೆಲವು ತಟ್ಟೆಗಳಲ್ಲಿ ಜೀವಕೋಶಗಳಿಗೆ ತಿನ್ನಲೆಂದು ಇಟ್ಟ ಎಲುಬಿನ ಚೂರಿಗೆ ಬಿದ್ದ ಗುಳಿಗಳು ಕಡಿಮೆಯಾಗಿವೆ. ಕೆಲವರ ಜೀವಕೋಶಗಳ ಮೇಲೆ ಪರಿಣಾಮವೇ ಇಲ್ಲ. ಸತ್ವ ತುಸು ಗಟ್ಟಿಯಾದರೆ ಒಳ್ಳೆಯವೂ ಕೆಟ್ಟವೂ ಒಟ್ಟಿಗೆ ಸಾಯುತ್ತವೆ. ಔಷಧ ಎನ್ನಲು ಇನ್ನೂ ಬಹಳ ದೂರ ಎನ್ನುತ್ತಾರೆ ಶೀತಲ್. ದೇವವ್ವನಿಗೆ ಮಾತ್ರ ಆ ದೂರ ಸಹಿಸಲಾಗದು. ಒಣಗಲು ಹರವಿದ ಬಳ್ಳಿಯನ್ನು ಗಳಿಗೆಗೊಮ್ಮೆ ಹೋಗಿ ಮುಟ್ಟಿ ನೋಡುತ್ತಾರೆ, ಮಗುಚಿ ಹಾಕುತ್ತಾರೆ, ಮತ್ತೆ ಬರುತ್ತಾರೆ.

ಸಂಜೆ ಅವರು ಬೆಚ್ಚಗಿನ ಪೆಟ್ಟಿಗೆಯ ಗಾಜನ್ನು ಹೊರಗಿನಿಂದ ಒರೆಸುತ್ತಿದ್ದಾರೆ. ಇದರಿಂದ ನಿಮಗೇನು ಸಿಕ್ಕಂತಾಯಿತು ಎಂದು ಕೇಳಿದರೆ ಬಟ್ಟೆ ನಿಲ್ಲುವುದಿಲ್ಲ.

"ನಂದು ಯಾವುದು ಅಂತ ಗೊತ್ತಿಲ್ಲಲ್ರಿ, ಎಲ್ಲಾ ನನ್ನವಽ ಅಂತ ತಿಳಕೊಂಡೀನಿ. ನನಗಂತೂ ಎರಡು ಸಲ ಕೊಯ್ಸಿಕೊಳ್ಳೂದು ಬಂತು. ಮುಂದ ಯಾವಾಕಿಗಾದರೂ ಒಂದಽ ಸಲಕ್ಕ ಮುಗೀಲಿ. ಆಕಿಗೆ ನನ್ನ ಹೆಸರು ಗೊತ್ತಿರೂದು ಬ್ಯಾಡ."