ಹೊಸ ಕಂಪ್ಯೂಟರಿನ ಒಳಮನೆ

ಸೂರತ್ ಪಕ್ಕದ ಸಚಿನ್ ಎಂಬ ಊರಿನಲ್ಲಿ ನಾನು ಕೆಲಸ ಮಾಡುವ ಸೀರೆ ಕಾರ್ಖಾನೆಗೆ ಹೊಸ ಕಂಪ್ಯೂಟರು ಬಂದ ದಿನ ಸೇಠರು ನನ್ನನ್ನು ಕರೆದು, "ಬೆನ್, ಹವೇ ಆರಾಮ್ ಕರೋ" ಎಂದರು, ಅಕ್ಕಾ, ಇನ್ನು ಆರಾಮ ಮಾಡಿ ಎಂದು. ಮೈಯೆಲ್ಲ ಉರಿದುಹೋಯಿತು. ಆರಾಮ ಮಾಡಲು ನನಗೇನು ರೋಗ ಬಂದಿತ್ತೇ? ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ಗದಗಿನಿಂದ ಬಂದವಳು, ನೇಕಾರರ ಮನೆಯ ಮಗಳು. ಸುಮ್ಮನೆ ಕೂರಲಾಗದೆ ಇಲ್ಲಿ ಸೀರೆಯ ದಡಿ, ಅಂದರೆ ಅಂಚಿನ ಚಿತ್ರ ಬರೆಯುವ ಕೆಲಸ ಹಿಡಿದಿದ್ದೆ. ಕಂಪ್ಯೂಟರಿನಲ್ಲಿ ಚೌಕ ಚೌಕ ತುಂಬಿ ಬರೆದದ್ದನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರೆ ಮಗ್ಗ ಅದನ್ನೇ ನೇಯುತ್ತದೆ. ನಾನು ಬಲ್ಲ ಪ್ರೋಗ್ರಾಮು ಹಳೆಯ ವಿಂಡೋಸಿನದು. ಹಳೆಯ ಕಂಪ್ಯೂಟರು ಕೆಟ್ಟು ಕೂತಿತ್ತು, ಹೊಸದರಲ್ಲಿ ಆ ಪ್ರೋಗ್ರಾಮು ಜಪ್ಪಯ್ಯ ಎಂದರೂ ತೆರೆಯಲೊಲ್ಲದು. ಸೇಠರು ಹೊಸ ಪ್ರೋಗ್ರಾಮು ಬಲ್ಲವರನ್ನು ಹುಡುಕತೊಡಗಿದ್ದರು.

ಮಂಗಳವಾರ ಊಟದ ಹೊತ್ತಿಗೆ ಹೊಸ ದಡಿ ತೋರಿಸುತ್ತೇನೆ, ಇಲ್ಲದಿದ್ದರೆ ನಾನೇ ಹೋಗುತ್ತೇನೆ ಎಂದು ಹಿಂದಿಯಲ್ಲಿ ಜಗಳವಾಡಿ ಬಂದೆ. ಹೇಗೆ ತೋರಿಸುವುದೋ ದೇವರಾಣೆ ಗೊತ್ತಿರಲಿಲ್ಲ.

ವಡೋದರಾದಲ್ಲಿ ಓದುವ ಮಗಳು ಶನಿವಾರ ರೈಲು ಹತ್ತಿ ಬಂದಳು. ಸೂರತ್‌ನಲ್ಲೇ ಬೆಳೆದವಳು, ಕನ್ನಡ ಕುಂಟುತ್ತದೆ.

"ಮಮ್ಮಿ, ಟೆನ್ಷನ್ ಮತ್ ಲೋ. ನಿನ್ನ ಹಳೇ ವಿಂಡೋಸ್ ಇದರ ಅಂದರ್ ಇಡ್ತೀನಿ."

"ಒಂದ್ರಾಗ ಎರಡು ಹೆಂಗ ಕುಂದರ್ತಾವ ಯವ್ವಾ?"

"ವರ್ಚುವಲ್ ಮಷೀನ್ ಅಂತ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್. ಒಳಗಿಂದಕ್ಕೆ ತಾನು ಒಳಗಿದೆ ಅಂತಾನೇ ಗೊತ್ತಿಲ್ಲ."

"ಭಾಳ ಪುಣ್ಯವಂತ ಬಿಡು ಅದು," ಎಂದೆ.

ಸೇಠರ ಕಪಾಟಿನಿಂದ ಹಳೆಯ ಸಿ.ಡಿ.ಗಳನ್ನು ತೆಗೆಸಿ ಕಾರ್ಖಾನೆಯಲ್ಲೇ ಕೂತಳು. ಸಂಜೆಯ ಹೊತ್ತಿಗೆ ಹೊಸ ಪರದೆಯ ನಡುವೆ ಒಂದು ಕಿಟಕಿ ತೆರೆದು, ಅದರೊಳಗೆ ನನ್ನ ಪ್ರೋಗ್ರಾಮು ಕಂಡಿತು. ತವರಿನವರು ಬಂದಷ್ಟು ಖುಷಿಯಾಯಿತು ನನಗೆ. "ಈಗ ಇರೋದನ್ನ ಹೀಗೇ ಹಿಡಿದಿಟ್ಟಿದ್ದೀನಿ ಮಮ್ಮಿ. ಏನಾದ್ರೂ ಖರಾಬ್ ಆದ್ರೆ ಇಲ್ಲಿಗೇ ವಾಪಸ್ ಬರಬಹುದು," ಎಂದು ಹೇಳಿ ಭಾನುವಾರ ವಡೋದರಾಕ್ಕೆ ಹೋದಳು.

ಸೋಮವಾರ ಇಡೀ ದಿನ ಕೂತು ನಮ್ಮ ಕಡೆಯ ಸೀರೆಗಳಲ್ಲಿ ಬರುವ ಗೋಮಿ ಎಂಬ ದಡಿ ಬರೆದೆ. ಸಂಜೆ ಒಳಗಿನ ಕಂಪ್ಯೂಟರನ್ನು ಮುಚ್ಚಲು ಹೋದರೆ ಅದು ಪ್ರಶ್ನೆ ಕೇಳಿತು. ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಿದೆ. ಇದ್ದಂತೆಯೇ ಕಾಯ್ದಿಡಲೇ? ಆಫ್ ಮಾಡಲೇ? ಆಫ್ ಮಾಡುವುದರ ಕೆಳಗೊಂದು ಪುಟ್ಟ ಚೌಕ: ಮೊದಲಿದ್ದ ಸ್ಥಿತಿಗೆ ತರಲೇ? ನನ್ನ ತವರಿನಲ್ಲಿ ಸಂಜೆ ಮಗ್ಗ ಬಿಟ್ಟು ಏಳುವಾಗ ಹಾಸಿನ ನೂಲು ಸಡಿಲಿಸಿ, ಲಾಳಿಯನ್ನು ಅದರ ಜಾಗದಲ್ಲಿಟ್ಟು, ಕೈಮುಗಿದು ಏಳಬೇಕು. ನೂಲನ್ನು ಬಿಗಿಯಾಗಿಯೇ ಬಿಟ್ಟು ಎದ್ದರೆ ಅವ್ವ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಅಬ್ಬಾ, ಈ ಯಂತ್ರಕ್ಕೂ ಎಷ್ಟು ಸಂಸ್ಕಾರವಿದೆ ಎಂದು ಮೆಚ್ಚಿ, ಚೌಕಕ್ಕೆ ಗುರುತು ಹಾಕಿ ಆಫ್ ಮಾಡಿ, ಕೈಮುಗಿದು ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ತೆರೆದರೆ ದಡಿಯೇ ಇಲ್ಲ. ಮಗಳಿಗೆ ಫೋನು ಮಾಡಿದೆ.

"ಆ ಚೌಕ ಟಿಕ್ ಮಾಡಿದ್ಯಾ ಮಮ್ಮಿ?"

"ಮಾಡ್ದೆ. ಚೊಲೋ ಪದ್ಧತಿ ಅಂತ ಮಾಡ್ದೆ."

"ಅಯ್ಯೋ! ಅದು ಶನಿವಾರಕ್ಕೆ ವಾಪಸ್ ಹೋಯ್ತು. ನಿನ್ನೆ ಬರೆದಿದ್ದು ಗಯಾ!" ಅಷ್ಟು ಹೇಳಿ ಅವಳೇ ಅಳತೊಡಗಿದಳು. ನನಗೂ ಅಳು ಬರುತ್ತಿತ್ತು, ಆದರೆ ಸಿಟ್ಟು ಅದಕ್ಕಿಂತ ಮುಂಚೆ ಬಂತು.

"ಅಳಬ್ಯಾಡ ಸುಮ್ನಿರು. ಅದು ಮರ್ತ್ರ ಮರೀಲಿ, ನನ್ನ ಕೈ ಮರ್ತಿಲ್ಲ. ಇಡು ಫೋನು."

ಮತ್ತೆ ಮೊದಲಿನಿಂದ ಕೂತೆ. ನಿನ್ನೆ ಅನುಮಾನಪಟ್ಟು ಅಳಿಸಿ ತಿದ್ದಿದ ಕಡೆಯೆಲ್ಲ ಇವತ್ತು ಕೈ ನೇರವಾಗಿ ನಡೆಯಿತು. ನೀರು ಕುಡಿಯಲೂ ಏಳಲಿಲ್ಲ. ಸೇಠರು ಬಂದು ಬೆನ್ನ ಹಿಂದೆ ನಿಂತಾಗ ಕೊನೆಯ ಸಾಲು ತುಂಬುತ್ತಿದ್ದೆ. ಪೆನ್‌ಡ್ರೈವು ಮಗ್ಗಕ್ಕೆ ಹೋಯಿತು. ಕೆಂಪು ನೂಲಿನ ಮೇಲೆ ಗೋಮಿ ಒಂದೊಂದೇ ಎಳೆಯಾಗಿ ಮೂಡಿತು. ಸೇಠರು ಬಟ್ಟೆಯನ್ನು ಬೆರಳಿನಿಂದ ಸವರಿದರು, ಮಗುಚಿ ಹಿಂಬದಿಯನ್ನೂ ನೋಡಿದರು.

"ಕಾಲೇ ಬೀಜಿ ಬತಾವಜೋ, ಬೆನ್," ಎಂದರು. ನಾಳೆ ಇನ್ನೊಂದು ತೋರಿಸಿ ಎಂದು. ಹೊಸಬರನ್ನು ಹುಡುಕುವ ಮಾತು ಮತ್ತೆ ಬರಲಿಲ್ಲ.

ಆ ಸಂಜೆ ಯಂತ್ರ ಮತ್ತದೇ ಪ್ರಶ್ನೆ ಕೇಳಿತು. ಹೊಸ ದಡಿಯೊಂದು ಅರ್ಧಕ್ಕೆ ನಿಂತಿತ್ತು. ಅವ್ವ ನೂಲು ಸಡಿಲಿಸುತ್ತಿದ್ದಳು, ನಿಜ. ಆದರೆ ನೇಯ್ದದ್ದನ್ನು ಎಂದಾದರೂ ಬಿಚ್ಚಿದ್ದಳೇ? ಬೆಳಿಗ್ಗೆ ಬಂದು ಬಿಟ್ಟ ಎಳೆಯಿಂದಲೇ ಮುಂದುವರಿಸುತ್ತಿದ್ದಳು. ಇದ್ದಂತೆಯೇ ಕಾಯ್ದಿಡು ಎಂಬುದನ್ನು ಒತ್ತಿ, ಕೈಮುಗಿದು ಎದ್ದೆ.

ದಾರಿಯಲ್ಲಿ ಮಗಳ ಫೋನು ಬಂತು. "ಮಮ್ಮಿ, ನಾಳೆ ಕೆಲಸಕ್ಕೆ ಹೋಗ್ತೀಯಾ?" ಹೆದರಿ ಹೆದರಿಯೇ ಕೇಳಿದಳು.

"ಹೋಗದ ಏನ್ ಮಾಡ್ಲೆವ್ವಾ? ಅರ್ಧ ದಡಿ ಮಗ್ಗದ ಮ್ಯಾಲೈತಿ."